ಮೇಲಿನ ಮೆಟ್ಟಿಲಿನ ಜಡೆ

“ಮೇಲಿನ ಮೆಟ್ಟಿಲಲ್ಲಿ ಮಾತ್ರ ಕೂತ್ಕೋಬೇಡ ಕಣೇ. ಹಿಂದೆ ಒಬ್ಬಳು ಬಂದು ಜಡೆ ಹಾಕ್ತಾಳೆ. ಆಮೇಲೆ ನೀನು ಯಾರ ಕಣ್ಣಿಗೂ ಬೀಳಲ್ಲ.”

ಏಳನೇ ತರಗತಿಯ ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕೂರುವ, ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡ ಹುಡುಗಿ ಹೀಗೆಂದಾಗ ಹೊಸ ಹುಡುಗಿಗೆ ನಗು ತಡೆಯಲಾಗಲಿಲ್ಲ.

“ದೆವ್ವ ಬ್ಯೂಟಿ ಪಾರ್ಲರ್ ಬೇರೆ ಇಟ್ಕೊಂಡಿದ್ಯಾ?”

“ನಗಬೇಡ. ಅವಳು ಹೆಣೆದದ್ದನ್ನ ನೀನೇ ಬಿಚ್ಚೋಕಾಗಲ್ಲ, ಬೇರೆಯವರೇ ಕತ್ತರಿಸ್ಬೇಕು. ನನ್ನ ಜಡೆ ಕತ್ತರಿಸಿದ ಅಕ್ಕ ಶಾಲೆ ಮುಗಿಸಿ ಹೋದ್ಲು. ಒಂದ್ಸಲ ಸಿಕ್ಕಿಬಿದ್ದು ಬಂದವಳಿಗೆ ಮಾತ್ರ ನಿನ್ನ ಕೂಗು ಕೇಳ್ಸುತ್ತೆ, ಅದೂ ಅವಳ ಹೆಸರು ಹಿಡಿದು ಕರೆದ್ರೆ. ಮಾರನೇ ದಿನ ಊಟದ ಗಂಟೆಯೊಳಗೆ ಕರೀಬೇಕು. ನನ್ನ ಹೆಸರು...”

“ಗೊತ್ತು ಬಿಡೇ. ಕ್ರಾಪು!”

ಮುಂದಿನ ಬೆಂಚಿನಲ್ಲಿ ಐವರು ಕಿಸಕ್ಕನೆ ನಕ್ಕರು. ಆ ನಗು ಹೊಸ ಹುಡುಗಿಗೆ ಹಾಲು ಕುಡಿದಷ್ಟು ಖುಷಿ ಕೊಟ್ಟಿತು.

ಪಾಪ, ಮೂರು ವಾರದಿಂದ ಯಾರೂ ಅವಳನ್ನು ಮಾತನಾಡಿಸಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಅಮ್ಮ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದಳು; ಮಗಳ ಕೂದಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಮುಗಿಯಿತು. ಆ ಐವರೋ, ಊಟವಾದ ಮೇಲೆ ಹಿಂಬದಿಯ ಮೆಟ್ಟಿಲುಗಳಲ್ಲಿ ಒಂದಕ್ಕೊಬ್ಬರಂತೆ ಕೂತು, ಮೇಲಿನವಳು ಕೆಳಗಿನವಳಿಗೆ ಜಡೆ ಹಾಕುತ್ತಿದ್ದರು. ಎಲ್ಲಕ್ಕಿಂತ ಕೆಳಗೆ ಗುಂಪಿನ ನಾಯಕಿ ರಾಣಿ. ಅವಳು ಯಾರ ತಲೆಯನ್ನೂ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಿನವಳ ತಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಹಿಂದೆ ಒಬ್ಬಳು ಆ ಮೇಲಿನ ಮೆಟ್ಟಿಲಲ್ಲಿ ಇಡೀ ವರ್ಷ ಕೂತಿದ್ದಳಂತೆ. ಎಲ್ಲರ ಬಾಚಣಿಗೆಯಿಂದ ಉದುರಿದ ಕೂದಲು ಆಯ್ದು, ಗಂಟು ಕಟ್ಟಿ, ಏನೋ ಮಣಮಣ ಹೇಳಿ, ತಾರಸಿಯ ಬಾಗಿಲಡಿ ತುರುಕಿದಳಂತೆ. ಆಮೇಲೆ ಅವಳು ಶಾಲೆ ಬಿಟ್ಟಳೋ ಇಲ್ಲವೋ, ಯಾರೂ ಗಮನಿಸಲಿಲ್ಲ.

ಸೇರಿಸಿಕೊಳ್ಳಲು ರಾಣಿ ಒಂದೇ ಶರತ್ತು ಹಾಕಿದ್ದಳು. ಕ್ರಾಪುವಿನ ಎಲ್ಲ ನೋಟುಪುಸ್ತಕಗಳ ಮೇಲಿನ ಹೆಸರಿಗೆ ಮಸಿ ಬಳಿಯಬೇಕು. ಹೊಸ ಹುಡುಗಿ ಆಟದ ಪೀರಿಯಡ್ಡಿನಲ್ಲಿ ಬಳಿದಳು. ಏನು ಹೆಸರೆಂದು ಓದುವ ಗೋಜಿಗೂ ಹೋಗಲಿಲ್ಲ.

ಅವಳಿಗೆ ಮೇಲಿನ ಮೆಟ್ಟಿಲು ಸಿಕ್ಕಿತು.

ಬೆನ್ನ ಹಿಂದೆ ಬೀಗ ಜಡಿದ ತಾರಸಿ ಬಾಗಿಲು. ತುಕ್ಕಿನ ವಾಸನೆ. ಅದರೊಳಗಿಂದ ಹಳಸಿದ ತಲೆಯೆಣ್ಣೆಯ ಕಮಟು ನಿಧಾನವಾಗಿ ಸೋರಿ ಬಂತು. ರಬ್ಬರ್ ಬ್ಯಾಂಡ್ ತಾನಾಗಿ ಜಾರಿತು. ತಣ್ಣನೆಯ ಬೆರಳುಗಳು ಕೂದಲನ್ನು ಮೂರು ಪಾಲು ಮಾಡಿದವು. ಸಿಕ್ಕು ಬಿಡಿಸುವಾಗ ನೋವಾಗದಂತೆ ಬುಡ ಹಿಡಿದುಕೊಂಡವು, ಅಮ್ಮನ ಹಾಗೆ.

ಕೆಳಗೆ ತಲೆ ಎಣಿಸಿದಳು. ಐದು. ಐದೂ ಕೆಳಗೇ ಇದ್ದವು.

“ನನ್ನ ಜೊತೆ ಸೇರ್ಕೋತೀಯಾ?” ಕಿವಿಯ ಹಿಂದೆ ಯಾರೋ ಕೇಳಿದರು.

ಮೂರು ವಾರ ಅವಳು ಕಾದದ್ದು ಇದೇ ಪ್ರಶ್ನೆಗೆ. ಬೇಡವೆನ್ನುವ ಮೊದಲೇ ಬಾಯಿಂದ “ಹೂಂ” ಜಾರಿತ್ತು.

ಮಧ್ಯಾಹ್ನದ ಹಾಜರಿಯಲ್ಲಿ ಟೀಚರು ಅವಳ ನಂಬರು ಬಿಟ್ಟು ಮುಂದಕ್ಕೆ ಹೋದರು. ಸಂಜೆ ಅಮ್ಮ ಒಂದೇ ತಟ್ಟೆ ಇಟ್ಟುಕೊಂಡಳು. “ಅಮ್ಮಾ!” ಎಂದು ಸೆರಗು ಜಗ್ಗಿದರೆ, ಗಾಳಿಗೆ ಹಾರಿತೆಂಬಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾನೇ ಕತ್ತರಿಸಹೋದರೆ ಕತ್ತರಿ ಜಡೆಗೆ ತಾಗಲೇ ಇಲ್ಲ. ಹುಡುಗಿ ಇಡೀ ರಾತ್ರಿ ಅಮ್ಮನ ಕಾಲ ಬಳಿ ಅತ್ತಳು.

ಬೆಳಿಗ್ಗೆ ಶಾಲೆಗೆ ಓಡಿದಳು.

“ಕ್ರಾಪು! ಕ್ರಾಪೂ!”

ಆ ಹುಡುಗಿ ತಿರುಗಲಿಲ್ಲ. ಅದು ಅವಳ ಹೆಸರಾಗಿರಲಿಲ್ಲ.

ಹೊಸ ಹುಡುಗಿ ಅವಳ ನೋಟುಪುಸ್ತಕ ಎಳೆದುಕೊಂಡಳು. ಉಗುರಿನಿಂದ ಕೆರೆದಳು. ಮಸಿ. ಇನ್ನೊಂದು. ಮಸಿ. ಎಷ್ಟು ಶ್ರದ್ಧೆಯಿಂದ ಬಳಿದಿದ್ದಳು! ಗೊತ್ತಿದ್ದ ಹೆಸರನ್ನೆಲ್ಲ ಕೂಗಿದಳು. ಗಡಿಯಾರ ಓಡಿತು.

ಊಟಕ್ಕೆ ಐದು ನಿಮಿಷವಿರುವಾಗ ಕೊನೆಯ ಬೆಂಚಿನ ಹುಡುಗಿ ಚೀಲದಿಂದ ಕತ್ತರಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ತಲೆ ಓರೆ ಮಾಡಿ ಕಿವಿಗೊಟ್ಟು ಕಾದಳು. ಮುಂದಿನ ಬೆಂಚಿಗೆ ಮೆಲ್ಲಗೆ ಕೇಳಿದಳು:

“ಹೊಸ ಹುಡುಗಿ ಬಂದಿಲ್ವಾ?”

“ಯಾವ ಹೊಸ ಹುಡುಗಿ?” ಎಂದಳು ರಾಣಿ.

ಗೇಣು ದೂರದಲ್ಲಿ ಮಸಿ ಹಿಡಿದ ಹತ್ತು ಬೆರಳುಗಳು ಆ ಕತ್ತರಿಯತ್ತ ಚಾಚಿದ್ದವು.

ಗಂಟೆ ಹೊಡೆಯಿತು. ಹಿಂದಿನಿಂದ ಜಡೆಯನ್ನು ಯಾರೋ ಮೆತ್ತಗೆ ಎಳೆದರು.

“ಬಾರೇ. ಇವತ್ತು ನೀನು ನಂಗೆ ಹಾಕ್ಬೇಕು.”