ಪಾಸ್ತಾ ಮೆಷಿನ್ನಿನಲ್ಲಿ ಬಂದ ಚಿತ್ರ

“ತಿರುಪು ಇನ್ನೂ ಬಿಗಿ ಮಾಡ್ಬೇಡ ಕಣೇ! ರಟ್ಟು ಅಪ್ಪಚ್ಚಿ ಆಗುತ್ತೆ,” ಎಂದು ಅಮ್ಮ ಒಳಗಿನಿಂದ ಕೂಗಿದಳು.

“ಇನ್ನೊಂಚೂರು ಅಷ್ಟೇ ಅಮ್ಮಾ. ಇದು ಡಲ್ ಆಗಿ ಬಂದಿದೆ.”

ಒಡೆಟ್ ಹೇಳಿದ್ದು ಪೂರ್ತಿ ನಿಜವಲ್ಲ. ಮೊದಲ ಪ್ರಿಂಟ್ ಚೆನ್ನಾಗಿಯೇ ಬಂದಿತ್ತು. ಚಿತ್ರದಲ್ಲಿ, ಐಸ್ ಹಾಕಿ ಆಡುವ ರಿಂಕಿನ ಬೆಂಚಿನ ಮೇಲೆ ಅವಳು, ಪಕ್ಕದಲ್ಲಿ ಗೆಳತಿ ಜೂನಿ, ಇಬ್ಬರ ಕೈಯಲ್ಲೂ ಹಾಕಿ ಸ್ಟಿಕ್. ಜೂನಿಯ ಮನೆಯವರು ಇವತ್ತು ಥಂಡರ್ ಬೇ ಊರನ್ನೇ ಬಿಟ್ಟು ದೂರದ ರಿಜೈನಾದಲ್ಲಿ ನೆಲೆಸಲು ಹೊರಟಿದ್ದರು. ಜೂನಿಗೊಂದು, ತನಗೊಂದು ಪ್ರಿಂಟ್ ಬೇಕು. ಎರಡನೆಯದು ಇನ್ನೂ ಕಪ್ಪಾಗಿ ಬರಲಿ ಎಂದು ಒಡೆಟ್‌ಗೆ ಆಸೆ.

ಚಿತ್ರ ಅಚ್ಚೊತ್ತುವ ನಿಜವಾದ ಪ್ರೆಸ್ ಕೊಳ್ಳುವುದು ಈ ಮನೆಯವರ ಕೈಗೆ ಎಟುಕದ ಮಾತು. ಅದಕ್ಕೇ ಅಮ್ಮ ಯಾರೋ ಮಾರಿದ, ಹಿಟ್ಟನ್ನು ಎರಡು ಉರುಳೆಗಳ ನಡುವೆ ಒತ್ತಿ ತೆಳ್ಳಗೆ ಮಾಡುವ ಹಳೇ ಪಾಸ್ತಾ ಮೆಷಿನ್ ತಂದಿದ್ದಳು. ಹಾಲಿನ ರಟ್ಟಿನ ಡಬ್ಬ ಬಿಡಿಸಿ, ಹೊಳೆಯುವ ಒಳಮೈ ಮೇಲೆ ಸೂಜಿಯಿಂದ ಚಿತ್ರ ಗೀರಬೇಕು. ಇಂಕ್ ಬಳಿದು ಒರೆಸಿದರೆ ಗೀರಿನೊಳಗೆ ಮಾತ್ರ ಇಂಕ್ ಉಳಿಯುತ್ತದೆ. ಮೇಲೊಂದು ಒದ್ದೆ ಕಾಗದ, ಅದರ ಮೇಲೆ ದಪ್ಪ ಬಟ್ಟೆ ಇಟ್ಟು, ಉರುಳೆಗಳ ನಡುವೆ ತೂರಿಸಿ ಹಿಡಿ ತಿರುಗಿಸಿದರೆ ಚಿತ್ರ ಕಾಗದಕ್ಕೆ ಹತ್ತುತ್ತದೆ.

ಒಡೆಟ್ ಉರುಳೆಗಳ ತಿರುಪು ಬಿಗಿ ಮಾಡಿ ಹಿಡಿ ತಿರುಗಿಸಿದಳು. ಮೆಷಿನ್ ಕಿರ್ ಎಂದಿತು. ರಟ್ಟು ಮುದುಡಿ, ಹರಿದು ಹೊರಗೆ ಬಂತು. ಕಾಗದದ ತುಂಬ ಕಪ್ಪು ಕಲೆ.

ಅಮ್ಮ ಬಂದು ನೋಡಿದಳು. ಇನ್ನೊಂದು ಪ್ರಿಂಟ್‌ಗೆ ಬಾರದ ರಟ್ಟನ್ನು ಎತ್ತಿ ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಜೂನಿ ಬಾಗಿಲು ತಳ್ಳಿಕೊಂಡು ಓಡಿ ಬಂದಳು. ಹೊರಗೆ ಅವಳ ಅಪ್ಪ ಕಾರಿನ ಹಾರ್ನ್ ಹೊಡೆಯುತ್ತಿದ್ದರು. ಅವಳು ಮೇಜಿನ ಮೇಲಿದ್ದ ಮೊದಲ ಪ್ರಿಂಟ್ ಎತ್ತಿಕೊಂಡಳು.

“ವಾವ್! ನನ್ ಮೂಗು ಆಲೂಗಡ್ಡೆ ಥರ ಬರ್ದಿದೀಯಲ್ಲೇ! ಇದು ನಂದಾ?”

ಒಡೆಟ್‌ಗೆ ಕೊಡಲೂ ಮನಸ್ಸಿಲ್ಲ, ಕೊಡದಿರಲೂ ಮನಸ್ಸಿಲ್ಲ. ಅಳು ಬಂತು. “ಇದೊಂದೇ ಇರೋದು. ಇನ್ನೊಂದನ್ನ ಹಾಳ್ಮಾಡ್ಬಿಟ್ಟೆ.”

“ಅಷ್ಟೇ ತಾನೆ? ಕತ್ತರಿ ಕೊಡು.”

“ತಲೆ ಕೆಟ್ಟಿದ್ಯಾ? ಎಷ್ಟು ದಿನ ಗೀರಿದೀನಿ ಗೊತ್ತಾ?”

“ಮತ್ತೆ ನಾನು ಖಾಲಿ ಕೈಯಲ್ಲಿ ಹೋಗ್ಲಾ?”

ಮತ್ತೆ ಹಾರ್ನ್ ಕೇಳಿಸಿತು. ಒಡೆಟ್ ಕತ್ತರಿ ತಂದಳು. ಜೂನಿಗೆ ಕೊಡದೆ, ತಾನೇ ಕತ್ತರಿಸಿದಳು, ಚಿತ್ರದಲ್ಲಿದ್ದ ಇಬ್ಬರ ನಡುವೆ. ಕಾಗದ ಇನ್ನೂ ಒದ್ದೆ. ಕತ್ತರಿ ಸೊಟ್ಟಸೊಟ್ಟಗೆ ಓಡಿತು. ತಾನಿರುವ ಅರ್ಧವನ್ನು ತನ್ನ ಕಡೆ ಎಳೆದುಕೊಂಡಳು.

“ಏ ದಡ್ಡೀ, ನಿನ್ನನ್ನ ನೀನೇ ಇಟ್ಕೊಂಡು ಏನ್ಮಾಡ್ತೀಯಾ?” ಎಂದು ಜೂನಿ ಅದನ್ನು ಕಿತ್ತುಕೊಂಡಳು. “ನೀನು ನನ್ಹತ್ರ, ನಾನು ನಿನ್ಹತ್ರ.” ಬಂದ ಹಾಗೆಯೇ ಓಡಿದಳು.

ಕಾರಿನ ಸದ್ದು ಅಡಗಿದ ಮೇಲೆ ಒಡೆಟ್ ಜೂನಿ ಇದ್ದ ಅರ್ಧವನ್ನು ಕಿಟಕಿಯ ಹತ್ತಿರ ಒಣಗಲು ಇಟ್ಟಳು. ಕತ್ತರಿಸಿದ ಅಂಚಿನಲ್ಲಿ ನಾರು ಎದ್ದಿತ್ತು.

“ಸೊಟ್ಟಗಿದೆ. ಅಂಚು ನೆಟ್ಟಗೆ ಮಾಡಿ ಕೊಡ್ಲಾ?” ಎಂದಳು ಅಮ್ಮ.

“ಬೇಡಮ್ಮಾ,” ಎಂದಳು ಒಡೆಟ್. “ಅವಳದ್ದೂ ಹೀಗೇ ಇದೆ.”