ಚಾವಣಿಯಿಂದ ಧುಮ್ಮಿಕ್ಕಿದ ನೀರು

ಬೆಳಿಗ್ಗೆ ಅಂಗಡಿ ತೆರೆದಾಗ ರತ್ನಗಂಬಳಿಗಳೆಲ್ಲ ನೀರು ಕುಡಿದು ನಿಂತಿದ್ದವು. ನೆಲದ ತುಂಬ ಕೆಂಪು ನೀರು. ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತರು. ಬಾಗಿಲು ತೆರೆದ ಅಳಿಯ ಮಾತ್ರ ಪೆನ್ನು ಹಿಡಿದು ಕೂತ.

ಇನ್ಸ್‌ಪೆಕ್ಟರಮ್ಮ ಬರುವ ಹೊತ್ತಿಗೆ ದೂರು ಸಿದ್ಧವಾಗಿತ್ತು. ಪೂರ್ತಿ ಇಂಗ್ಲಿಷಿನಲ್ಲಿ. ಮಹಡಿಯ ಬಾಡಿಗೆಯ ಟೈಲರಮ್ಮ ಬೇಕೆಂದೇ ನಲ್ಲಿ ತೆರೆದಿಟ್ಟಳು, ನೀರು ಚಾವಣಿಯಿಂದ ‘ಕ್ಯಾಸ್ಕೇಡೆಡ್ ಡೌನ್’, ಅದನ್ನು ತಾನು ಕಣ್ಣಾರೆ ಕಂಡೆ ಎಂದು ಬರೆದು ಅಳಿಯ ಸಹಿ ಹಾಕಿದ್ದ.

"ಕ್ಯಾಸ್ಕೇಡೆಡ್ ಅಂದ್ರೇನು?"

ಅಳಿಯ ಮರುಕದಿಂದ ನಕ್ಕ. "ಜಲಪಾತದ ಥರ ಮೇಲಿಂದ ಧುಮ್ಮಿಕ್ಕೋದು ಮೇಡಂ. ನಿಮಗೆ ಸ್ವಲ್ಪ ಕಷ್ಟ ಆಗಬಹುದು."

ಇನ್ಸ್‌ಪೆಕ್ಟರಮ್ಮನ ಮೈ ಉರಿಯಿತು. ಇಂಥವರನ್ನು ಆಕೆ ಬಹಳ ನೋಡಿದ್ದಳು. ಬರೆದದ್ದು ನಿಜವೋ ಸುಳ್ಳೋ ಯಾರಿಗೆ ಬೇಕು, ಠೀವಿಯಿಂದಿದ್ದರೆ ಸಾಕು.

* * *

ಮೇಲೆ ನಲ್ಲಿ ತೆರೆದೇ ಇತ್ತು. ಬಚ್ಚಲಿನ ನೆಲ ಒದ್ದೆಯಾಗಿತ್ತು. ಇನ್ಸ್‌ಪೆಕ್ಟರಮ್ಮನಿಗೂ ಮೊದಲು ಟೈಲರಮ್ಮನ ಮೇಲೇ ಅನುಮಾನ ಬಂತು.

"ನಾನು ಮುಚ್ಚೇ ಹೋಗಿದ್ದೆ ಮೇಡಂ. ರಾತ್ರಿ ತಂಗಿ ಮನೇಲಿದ್ದೆ." ಟೈಲರಮ್ಮ ಬಗ್ಗಿ ನಲ್ಲಿ ಮುಚ್ಚಿದಳು. "ಇವತ್ತೇ ಖಾಲಿ ಮಾಡು ಅಂತಿದ್ದಾರೆ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ಇನ್ನೊಂದು ಕೀಲಿ ಎಲ್ಲಿರುತ್ತೆ?"

"ಕೆಳಗೆ ಅಂಗಡೀಲಿ."

ಇನ್ಸ್‌ಪೆಕ್ಟರಮ್ಮ ಸರಸರನೆ ಕೆಳಗಿಳಿದಳು.

* * *

ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಗಂಬಳಿ ಸುರುಳಿಗಳ ತಲೆ ಮುಟ್ಟಿದಳು. ಬುಡ ಮುಟ್ಟಿದಳು. ಆಮೇಲೆ ಮಾಲೀಕರ ಕಡೆ ತಿರುಗಿದಳು.

"ಮಹಡಿ ಬೇರೆ ಯಾರಿಗಾದ್ರೂ ಬೇಕಿತ್ತಾ?"

"ನಮ್ಮ ಅಳಿಯಂದಿರಿಗೆ. ಇಂಗ್ಲಿಷ್ ಕ್ಲಾಸ್ ಇಡ್ತಾರಂತೆ. ಆಯಮ್ಮ ಬಿಟ್ಟುಕೊಡಲ್ಲ ಅಂದ್ಲು."

"ಬನ್ನಿ ಮೇಷ್ಟ್ರೇ," ಇನ್ಸ್‌ಪೆಕ್ಟರಮ್ಮ ಅಳಿಯನನ್ನು ಕರೆದಳು. "ಜಲಪಾತ ಚಾವಣಿಯಿಂದ ಬಿತ್ತು ಅಂತೀರಿ. ಸುರುಳಿಗಳ ತಲೆ ಮೇಲೆ ಧೂಳು ಹಾಗೇ ಕೂತಿದೆ. ಒದ್ದೆ ಆಗಿರೋದು ಬುಡ ಮಾತ್ರ. ಅಂದ್ರೆ ನೀರು ಮೇಲಿಂದ ಬಿದ್ದಿದ್ದಲ್ಲ, ಯಾರೋ ನೆಲದ ಮೇಲೆ ಬಿಟ್ಟಿದ್ದು. ಬೀಳದೇ ಇರೋ ನೀರನ್ನ ಕಣ್ಣಾರೆ ಕಂಡವರು ನೀವೊಬ್ರೇ. ಮೇಲಿನ ಕೀಲಿ ನಿಮ್ಮ ಕೈಗೇ ಸಿಗುತ್ತೆ, ಹೋಗಿ ನಲ್ಲಿ ತಿರುಗಿಸಿ ಬಂದಿರಿ. ‘ನೀರು ನುಗ್ಗಿದೆ’ ಅಂತಷ್ಟೇ ಬರೆದಿದ್ರೆ ನಾನು ಚರಂಡಿ ಹುಡುಕ್ತಾ ಇರ್ತಿದ್ದೆ. ನಿಮಗೆ ಜಲಪಾತವೇ ಬೇಕಾಯ್ತು."

"ಅದು... ಸುಮ್ನೆ ಒಂದು ಎಕ್ಸ್‌ಪ್ರೆಷನ್ ಮೇಡಂ."

"ಆ ಎಕ್ಸ್‌ಪ್ರೆಷನ್‌ಗೆ ಒಬ್ಬ ಹೆಂಗಸು ಬೀದಿಪಾಲಾಗ್ತಿದ್ಲು."

ಅಳಿಯ ಮಾವನ ಮುಖ ನೋಡಿದ. "ಇಷ್ಟು ಬಣ್ಣ ಬಿಡುತ್ತೆ ಅಂತ ಗೊತ್ತಿರಲಿಲ್ಲ ಮಾವ. ಸ್ವಲ್ಪವೇ ಪೈಪ್ ಬಿಟ್ಟೆ..."

ಮದುವೆಯಾದಾಗಿನಿಂದ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ ಮಾವ ಈಗ ಏಕವಚನಕ್ಕೆ ಇಳಿದರು. "ಥೂ! ಉಂಡ ಮನೆಗೇ ನೀರು ಬಿಟ್ಟೆಯಲ್ಲೋ!"

ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಳು. "ಬೆಳಿಗ್ಗೆ ನನ್ನ ಹೊಲಿಗೆ ಮೆಷಿನ್ ತಂದು ಬೀದೀಲಿಟ್ರಲ್ಲ, ಅದನ್ನ ಮೇಲಕ್ಕೆ ಯಾರು ಹೊರ್ತಾರೆ?"

ಇನ್ಸ್‌ಪೆಕ್ಟರಮ್ಮ ಅಳಿಯನ ಕಡೆ ನೋಡಿದಳು. ಜೀಪು ಹತ್ತುವ ಮುಂಚೆ ಅವನು ಮೆಷಿನ್ ಹೊತ್ತು ಏದುಸಿರು ಬಿಡುತ್ತ ಮಹಡಿ ಹತ್ತಿದ. ಹಿಂದೆಯೇ ಟೈಲರಮ್ಮ, "ನಿಧಾನ, ಗೋಡೆಗೆ ತಾಗಿಸಬೇಡಿ," ಎನ್ನುತ್ತ ತನ್ನ ಮನೆಗೆ ನಡೆದಳು.