ಬೀಗದಣ್ಣನ ಸ್ಟೂಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಹೊಲಿಯುತ್ತಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು. ಅವಳ ದೂರು ಮುಗಿಯುವ ಮೊದಲೇ ರೈಟರ್ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟ.

"ಪಾಸ್‌ವರ್ಡ್ ಮರೆತೋರೆಲ್ಲ ಸ್ಟೇಷನ್ನಿಗೆ ಬಂದ್ರೆ ನಾವು ಕಳ್ಳರನ್ನ ಹಿಡಿಯೋದ್ಯಾವಾಗ ತಾಯಿ? ನನ್ನದೇ ನಂಗೆ ನೆನಪಿರಲ್ಲ."

"ಹಿಂದೆ ಮರೀತಿದ್ದೆ, ಒಪ್ಕೋತೀನಿ. ಈ ಸಲ ಮರೆತಿಲ್ಲ. ಯಾರೋ ಬದಲಾಯಿಸಿದಾರೆ."

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಅವಳನ್ನು ಕರೆದು ಕೂರಿಸಿದರು. ಅವರು ಈ ಠಾಣೆಗೆ ವರ್ಗವಾಗಿ ಬಂದು ತಿಂಗಳುಗಳೇ ಆಗಿದ್ದವು. ಆದರೂ ಕ್ವಾರ್ಟರ್ಸಿನಲ್ಲಿ ಪೆಟ್ಟಿಗೆಗಳು ಕಟ್ಟಿದ ಹಗ್ಗದ ಸಮೇತ ಹಾಗೇ ಇದ್ದವು. ಬಿಚ್ಚಿ ಯಾರಿಗೆ ತೋರಿಸಬೇಕಿತ್ತು? ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವ ಅಧಿಕಾರಿಯನ್ನು ಕಂಡು, ಇವರಿಗೆ ಕೆಲಸವೆಂದರೆ ಪ್ರಾಣ ಎಂದು ಸಿಬ್ಬಂದಿಯೆಲ್ಲ ಮಾತಾಡಿಕೊಳ್ಳುತ್ತಿದ್ದರು, ಪಾಪ.

"ಖಾತೆಯಲ್ಲಿ ಏನಿತ್ತು? ದುಡ್ಡಾ?"

"ಅಲ್ಲ ಸಾರ್. ನನ್ನ ತಂಗಿ."

ತಂಗಿ ಬೇರೆ ಊರಿನಲ್ಲಿದ್ದಳಂತೆ. ದಿನಾ ಬೆಳಿಗ್ಗೆ ಅಕ್ಕನಿಗೆ ಧ್ವನಿಯಲ್ಲೊಂದು ಸಂದೇಶ ಕಳಿಸುತ್ತಿದ್ದಳಂತೆ. ಹೋದ ವರ್ಷ ಕಾಯಿಲೆಯಾಗಿ ತೀರಿಕೊಂಡಳು. ಆ ಧ್ವನಿಗಳೆಲ್ಲ ಈ ಖಾತೆಯಲ್ಲಿ ಮಾತ್ರ ಉಳಿದಿದ್ದವು. ಟೈಲರಮ್ಮ ಮಿಷಿನ್ನಿಗೆ ಕೂರುವ ಮುಂಚೆ ದಿನಕ್ಕೊಂದು ಕೇಳುತ್ತಿದ್ದಳು.

"ಏನ್ ಹೇಳ್ತಿದ್ರು?"

"ಏನಿಲ್ಲ ಸಾರ್. ಅಕ್ಕಾ ಎದ್ಯಾ, ಟೀ ಆಯ್ತಾ, ಅಷ್ಟೇ." ಅಷ್ಟು ಹೇಳಿ ಅವಳು ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಅವಳ ಫೋನಿನಲ್ಲಿ ಕಂಪನಿಯ ಎಚ್ಚರಿಕೆ ಇತ್ತು: ಖಾತೆಯಲ್ಲಿ ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದೆ, ಗುರುವಾರ ಸಂಜೆಯೊಳಗೆ ಒಡೆತನ ಸಾಬೀತು ಮಾಡದಿದ್ದರೆ ಖಾತೆಯನ್ನೂ ಅದರಲ್ಲಿರುವುದೆಲ್ಲವನ್ನೂ ಅಳಿಸಲಾಗುವುದು. ಕೋಡ್ ಹೋಗುವ ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿದ್ದವು. ಅವು ಅವಳ ನಂಬರಿನವಲ್ಲ.

ಇನ್‌ಸ್ಪೆಕ್ಟರ್ ರೈಟರನ್ನು ಕರೆದರು. "ಎಫ್‌ಐಆರ್ ಹಾಕಿ."

"ಸಾರ್, ಕಳುವಾದ ಮಾಲು ಅಂತ ಏನು ಬರೀಲಿ?"

"ಅವರು ಹೇಳಿದ್ದನ್ನೇ ಬರೀರಿ."

ಕಂಪನಿಗೆ ಪತ್ರ ಹೋಯಿತು. 'ಸರದಿಯಂತೆ ಪರಿಶೀಲಿಸಲಾಗುವುದು' ಎಂದು ಯಂತ್ರವೇ ಉತ್ತರಿಸಿತು. ಗೋಡೆಗೆ ಹೇಳಿಕೊಂಡಿದ್ದರೂ ಇಷ್ಟೇ ಆಗುತ್ತಿತ್ತು. ಕಂಪ್ಯೂಟರ್ ಬಲ್ಲ ಕಾನ್‌ಸ್ಟೇಬಲ್ ಹುಡುಗಿಯೊಬ್ಬಳು ಠಾಣೆಯಲ್ಲಿದ್ದಳು. ಅವಳನ್ನು ಕರೆದುಕೊಂಡು ಮಂಗಳವಾರ ಇನ್‌ಸ್ಪೆಕ್ಟರ್ ಟೈಲರಮ್ಮನ ಬೀದಿ ಸುತ್ತಿದರು.

ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ಹೇಳಿದ: "ನಂದೂ ತಿಂಗಳಿಗೊಂದ್ಸಲ ಲಾಕ್ ಆಗುತ್ತೆ ಸಾರ್. ವಯಸ್ಸಾಯ್ತಲ್ಲ, ಮರೆವು."

ನಿವೃತ್ತ ಪೋಸ್ಟ್‌ಮಾಸ್ಟರರದೂ ಅದೇ ಕತೆ. "ಚಿಂತೆ ಏನಿಲ್ಲ. ನಮ್ಮ ಬೀಗದಣ್ಣ ಇದಾನಲ್ಲ, ತೆಗೆದುಕೊಡ್ತಾನೆ. ಒಂದು ಕಾಸು ಮುಟ್ಟಲ್ಲ. ಚಿನ್ನದಂಥ ಮನುಷ್ಯ."

ಮೂಲೆಯ ಮೊಬೈಲ್ ರಿಪೇರಿ ಅಂಗಡಿಯವನೇ ಈ ಬೀಗದಣ್ಣ. ಲಾಕ್ ಆದ ಖಾತೆಗಳನ್ನೆಲ್ಲ ತೆರೆದುಕೊಡುತ್ತಾನೆಂದು ಬೀದಿಯೇ ಇಟ್ಟ ಹೆಸರು. ಕಾನ್‌ಸ್ಟೇಬಲ್ ಇಬ್ಬರ ಫೋನನ್ನೂ ತೆರೆದು ನೋಡಿದಳು. ಕೋಡ್ ಹೋಗುವ ನಂಬರಿನ ಕೊನೆಯ ಅಂಕಿಗಳು ಎರಡರಲ್ಲೂ ಅವೇ! ಅವಳು ಕತ್ತೆತ್ತಿ ಎದುರು ಮೂಲೆಯಲ್ಲಿದ್ದ ಅವನ ಅಂಗಡಿಯ ಬೋರ್ಡು ನೋಡಿದಳು. ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ಅವೇ ಅಂಕಿಗಳಲ್ಲಿ ಮುಗಿಯುವ ನಂಬರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ!

"ಬೇಲೀನೇ ಎದ್ದು ಹೊಲ ಮೇಯ್ತಿದೆ ಸಾರ್," ಎಂದಳು ಮೆಲ್ಲಗೆ.

"ಮೇಯ್ದಿದ್ದೇನಮ್ಮ? ಯಾರದೂ ಏನೂ ಹೋಗಿಲ್ಲವಲ್ಲ."

ಇನ್‌ಸ್ಪೆಕ್ಟರಿಗೆ ತಲೆಬುಡ ಹತ್ತಲಿಲ್ಲ. ದುಡ್ಡು ಹೋಗಿಲ್ಲ, ಬೆದರಿಕೆ ಬಂದಿಲ್ಲ. ಲಾಭವಿಲ್ಲದ ಕಳ್ಳತನವನ್ನು ಅವರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಸಂಜೆ ಟೈಲರಮ್ಮನ ಬಳಿ ಮತ್ತೊಮ್ಮೆ ಹೋದರು.

"ಬೀಗದಣ್ಣನ ಹತ್ರ ಕೊನೇ ಸಲ ಹೋಗಿದ್ದು ಯಾವಾಗ?"

"ಹೋದ ವಾರ ಸಾರ್. ಪಾಸ್‌ವರ್ಡನ್ನ ಫೋನೇ ನೆನಪಿಟ್ಕೊಳ್ಳೋ ಹಾಗೆ ಮಾಡೋದು ಕಲಿತ್ಕೊಂಡೆ. ಅದನ್ನೇ ಹೇಳೋಕೆ ಹೋದೆ. ಇನ್ಮೇಲೆ ನಿಮ್ಮನ್ನ ಕಾಡಲ್ಲ ಕಣಣ್ಣ ಅಂದೆ."

"ಅವರೇನಂದ್ರು?"

"ಒಳ್ಳೇದಾಯ್ತು ಬಿಡಮ್ಮ ಅಂದ್ರು. ಟೀ ಕುಡಿದು ಹೋಗು ಅಂದ್ರು. ಕೆಲಸ ಇತ್ತು, ಬಂದ್ಬಿಟ್ಟೆ."

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ರೈಟರನ್ನೂ ಕರೆದುಕೊಂಡು, ಅಂಗಡಿ ತಪಾಸಣೆ. ಇಬ್ಬರು ಕೈಚಾಚಿದರೆ ಗೋಡೆ ಮುಟ್ಟುವಷ್ಟು ಜಾಗ. ಒಡೆದ ಸ್ಕ್ರೀನುಗಳು, ಸಿಕ್ಕುಗಟ್ಟಿದ ಚಾರ್ಜರ್ ವೈರುಗಳು, ಹಳೆಯ ಕಂಪ್ಯೂಟರೊಂದು. ಅದರ ಪಕ್ಕ ಫ್ಲಾಸ್ಕು, ಬೋರಲು ಹಾಕಿದ ಎರಡು ಲೋಟ. ಗಿರಾಕಿಗೊಂದು ಸ್ಟೂಲು, ಅದರ ಮೇಲೊಂದು ಮೆತ್ತನೆಯ ದಿಂಬು. ರಿಪೇರಿ ಅಂಗಡಿಯಲ್ಲಿ ದಿಂಬು ಹಾಕಿದ ಸ್ಟೂಲನ್ನು ಇನ್‌ಸ್ಪೆಕ್ಟರ್ ಅದೇ ಮೊದಲು ನೋಡಿದ್ದು. ಅದರ ಮೇಲೆಯೇ ಕೂತರು.

"ಈ ಬೀದೀಲಿ ಯಾರೋ ಎಲ್ಲರ ಪಾಸ್‌ವರ್ಡ್ ಬದಲಾಯಿಸ್ತಿದಾರಂತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಐವತ್ತು ದಾಟಿದ ಬೀಗದಣ್ಣನ ಕಣ್ಣು ಕಂಪ್ಯೂಟರಿನ ಕಡೆ ಹೋಯಿತು. ಕಾನ್‌ಸ್ಟೇಬಲ್ ಉಳಿಸಿಟ್ಟ ಪಾಸ್‌ವರ್ಡುಗಳ ಪುಟ ತೆರೆದಳು. ಇಡೀ ಬೀದಿಯೇ ಅಲ್ಲಿತ್ತು. ಯಾರ ಖಾತೆ ತೆರೆದರೂ 'ಪಾಸ್‌ವರ್ಡ್ ಉಳಿಸಲೇ' ಎಂದು ಯಂತ್ರ ಕೇಳುತ್ತದೆ. ಅವನು ಪ್ರತಿ ಸಲವೂ ಹೌದು ಒತ್ತಿದ್ದ, ಕೋಡಿಗೆ ತನ್ನ ನಂಬರನ್ನೇ ಕೊಟ್ಟಿದ್ದ.

"ಏನೇನು ಓದಿದ್ರಿ?"

"ಓದಿಲ್ಲ ಸಾರ್. ದೇವರಾಣೆ."

"ಮತ್ಯಾಕೆ ಬದಲಾಯಿಸಿದ್ರಿ?"

ಬೀಗದಣ್ಣ ತಲೆ ತಗ್ಗಿಸಿದ. "ಫೋನ್ ಸರಿ ಇದ್ರೆ ಯಾರೂ ಬರಲ್ಲ ಸಾರ್. ಲಾಕ್ ಆದ್ರೆ ಬರ್ತಾರೆ, ಕೂತ್ಕೋತಾರೆ. ಓಪನ್ ಆಗೋ ತನಕ ಮನೆ ವಿಷಯ ಎಲ್ಲ ಮಾತಾಡ್ತಾರೆ. ನಿಮಿಷದ ಕೆಲಸ ಅದು. ನಾನು ಅರ್ಧ ಗಂಟೆ ಮಾಡ್ತಿದ್ದೆ."

ರೈಟರ್ ನಗಲು ಬಾಯಿ ತೆರೆದವನು ಇನ್‌ಸ್ಪೆಕ್ಟರರ ಮುಖ ನೋಡಿ ಪೆನ್ನಿನ ಮುಚ್ಚಳ ತೆಗೆದ. ಕಾನ್‌ಸ್ಟೇಬಲ್ ಕಂಪ್ಯೂಟರನ್ನು ಜಪ್ತಿ ಮಾಡಲು ವೈರಿಗೆ ಕೈ ಹಾಕಿದಳು.

"ಅಯ್ಯೋ, ಕೀಳಬೇಡಮ್ಮ!" ಬೀಗದಣ್ಣ ಎದ್ದು ನಿಂತ. "ಕಂಪನಿ ಎಚ್ಚರಿಕೆ ನನ್ನ ನಂಬರಿಗೂ ಬಂದಿದೆ. ಅದನ್ನ ಸ್ಟೇಷನ್ನಿಗೆ ಎತ್ಕೊಂಡು ಹೋದ್ರೆ ಟೈಲರಮ್ಮನ ಖಾತೆ ಹೋಯ್ತು ಅಂತಲೇ ತಿಳ್ಕೊಳ್ಳಿ."

"ಸಾಕ್ಷಿ ಮುಟ್ಟಬೇಡಿ ಅನ್ನೋಕೆ ಚೆನ್ನಾಗಿದೆ ನೆಪ," ಎಂದ ರೈಟರ್.

ಆದರೆ ಕಾನ್‌ಸ್ಟೇಬಲ್ ಕೈ ಹಿಂದೆ ತೆಗೆದಳು. "ಅವರು ಹೇಳ್ತಿರೋದು ನಿಜ ಸಾರ್." ಒಂದೇ ನಂಬರು ಇಷ್ಟೊಂದು ಖಾತೆಗಳಲ್ಲಿ ಕಂಡಿದ್ದರಿಂದಲೇ ಕಂಪನಿ ಬೆದರಿತ್ತು. ಮೊದಲು ಸಿಕ್ಕಿಬಿದ್ದದ್ದು ಟೈಲರಮ್ಮನ ಖಾತೆ. ಈಗ ಅದು ಒಪ್ಪುವುದು ಪರಿಚಯದ ಕಂಪ್ಯೂಟರು, ಪರಿಚಯದ ಜಾಗ, ಹಳೆಯ ಪಾಸ್‌ವರ್ಡು, ಆ ನಂಬರಿಗೆ ಬರುವ ಕೋಡು, ಎಲ್ಲ ಕೂಡಿದರೆ ಮಾತ್ರ. ಅವೆಲ್ಲ ಕೂಡುವುದು ಇದೇ ಅಂಗಡಿಯಲ್ಲಿ.

"ಇಷ್ಟು ಗೊತ್ತಿದ್ದೂ ಸುಮ್ನಿದ್ರಾ?" ಇನ್‌ಸ್ಪೆಕ್ಟರರ ದನಿ ಗಡುಸಾಯಿತು.

"ಅವರಿಲ್ಲದೆ ಆಗಲ್ಲ ಸಾರ್, ಹಳೇ ಪಾಸ್‌ವರ್ಡ್ ಅವರೇ ಹೇಳ್ಬೇಕು, ಬದಲಾಯಿಸಿದಾಗ ಇದರಲ್ಲಿದ್ದದ್ದು ಅಳಿಸಿಹೋಯ್ತು. ಬರ್ತಾರೆ ಅಂತ ಕಾದೆ. ಸ್ಟೇಷನ್ನಿಗೆ ಹೋಗ್ತಾರೆ ಅಂದ್ಕೊಂಡಿರ್ಲಿಲ್ಲ."

ಟೈಲರಮ್ಮನನ್ನು ಕರೆಸಿದರು. ವಿಷಯ ತಿಳಿದು ಅವಳು ಬಾಗಿಲಲ್ಲೇ ನಿಂತಳು. "ನನ್ನ ತಂಗೀನೇ ಒತ್ತೆ ಇಟ್ರಲ್ಲಣ್ಣ," ಎಂದಳು. ಅಷ್ಟೇ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತೋ ಏನೋ.

ಅವಳು ಸ್ಟೂಲಿನ ಮೇಲೆ ಕೂತು ಹಳೆಯ ಪಾಸ್‌ವರ್ಡ್ ಒತ್ತಿದಳು. ಬೀಗದಣ್ಣ ತನ್ನ ಫೋನಿಗೆ ಬಂದ ಕೋಡನ್ನು ಒಂದೊಂದೇ ಅಂಕಿಯಾಗಿ ಓದಿದ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಆಮೇಲೆ ಖಾತೆ ತೆರೆಯಿತು. ಕಾನ್‌ಸ್ಟೇಬಲ್ ಆ ನಂಬರನ್ನು ಅಳಿಸಿ ಟೈಲರಮ್ಮನದನ್ನು ಹಾಕಿದಳು, ಬೇರೆ ಸಾಧನಗಳಲ್ಲೆಲ್ಲ ಖಾತೆಯನ್ನು ಲಾಗ್‌ಔಟ್ ಮಾಡಿದಳು, ಹೊಸ ಪಾಸ್‌ವರ್ಡನ್ನು ಟೈಲರಮ್ಮನ ಕೈಯಿಂದಲೇ ಅವಳ ಫೋನಿನಲ್ಲಿ ಹಾಕಿಸಿದಳು. ಟೈಲರಮ್ಮ ಗೋಡೆಗೆ ಮುಖ ಮಾಡಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಅವಳ ಬೆನ್ನು ಕುಲುಕುತ್ತಿತ್ತು. ಇನ್‌ಸ್ಪೆಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿ ತಾವೂ ಬೀದಿಯಲ್ಲಿ ನಿಂತರು.

ಕ್ಷೌರಿಕ ಮತ್ತು ಪೋಸ್ಟ್‌ಮಾಸ್ಟರರನ್ನು ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ಬರೆಸಿದ್ದಾಯಿತು, ಕಂಪ್ಯೂಟರ್ ಜಪ್ತಿಯಾಯಿತು. ಪೋಸ್ಟ್‌ಮಾಸ್ಟರರು ಸಹಿ ಹಾಕುವಾಗ ಬೀಗದಣ್ಣನ ಮುಖ ನೋಡಲಿಲ್ಲ.

ಮಧ್ಯಾಹ್ನ ಮೂರಕ್ಕೆ ಠಾಣೆಯಲ್ಲಿ ದಸ್ತಗಿರಿಯ ಕಾಗದ ಸಿದ್ಧವಾಯಿತು.

"ದಸ್ತಗಿರಿ ವಿಷಯ ಮನೆಯವರಿಗೆ ತಿಳಿಸಬೇಕು. ಯಾರಿದಾರೆ?"

"ಯಾರೂ ಇಲ್ಲ ಸಾರ್."

"ನೆಂಟರು? ಸ್ನೇಹಿತರು?"

ಬೀಗದಣ್ಣ ಒಂದು ನಂಬರು ಹೇಳಿದ, ಎಲ್ಲೂ ತಡವರಿಸದೆ. ರೈಟರ್ ಅದನ್ನು ಬರೆಯಹೋಗಿ ಥಟ್ಟನೆ ನಿಂತ. ಬೆಳಗಿನಿಂದ ಆ ನಂಬರನ್ನು ಅವನು ಅದೆಷ್ಟು ಸಲ ಬರೆದಿದ್ದನೋ.

"ಏನ್ರೀ ಇದು? ನಿಮ್ಮ ಮೇಲೆ ದೂರು ಕೊಟ್ಟೋರ ನಂಬರ್ ಅಲ್ವೇನ್ರೀ?"

"ಬೇರೆ ಯಾವ್ದೂ ನನಗೆ ಬಾಯಿಗೆ ಬರಲ್ಲ ಸಾರ್."

ಇನ್‌ಸ್ಪೆಕ್ಟರ್ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ನಾಳೆ ತಮಗೇ ಏನಾದರೂ ಆದರೆ ಯಾರ ನಂಬರು ಕೊಡುವುದು ಎಂಬ ಯೋಚನೆ ಬಂತು. ನೆನಪಾದದ್ದು ಈ ಠಾಣೆಯದೇ. ಅವರೇ ಫೋನ್ ತೆಗೆದುಕೊಂಡು ಒತ್ತಿದರು.

ಆ ಕಡೆ ಹೊಲಿಗೆ ಮಿಷಿನ್ನಿನ ಸದ್ದು ಕೇಳುತ್ತಿತ್ತು. ವಿಷಯ ಹೇಳಿದ ಮೇಲೆ ಅದು ನಿಂತಿತು.

"ಬೇರೆ ಯಾರೂ ಇಲ್ವಂತಾ ಸಾರ್?"

"ಇಲ್ಲವಂತಮ್ಮ. ಬೇಡ ಅಂದ್ರೆ ಬಿಡಿ, ಬಲವಂತ ಇಲ್ಲ."

"ಕೇಸ್ ಮಾತ್ರ ನಾನು ವಾಪಸ್ ತಗೊಳಲ್ಲ ಸಾರ್. ಮಾಡಿದ್ದು ಮಾಡಿದ್ದೇ."

"ತಗೋಬೇಡಿ."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು. "ಸರಿ, ನನ್ನ ಹೆಸರೇ ಬರ್ಕೊಳ್ಳಿ."

"ಸಂಬಂಧ ಅಂತ ಒಂದು ಕಾಲಂ ಇದೆ. ಏನಂತ ಬರೀಲಿ?"

"ಗಿರಾಕಿ ಅಂತ ಬರೀರಿ." ಮಿಷಿನ್ನು ಒಂದೆರಡು ಸುತ್ತು ತಿರುಗಿ ಮತ್ತೆ ನಿಂತಿತು. "ಬೇಡ ಸಾರ್. ಪರಿಚಯದೋಳು ಅಂತ ಹಾಕಿ."

ಇನ್‌ಸ್ಪೆಕ್ಟರ್ ಹಾಗೆಯೇ ಬರೆದು, ಕಾಗದವನ್ನು ಸಹಿಗಾಗಿ ಬೀಗದಣ್ಣನ ಮುಂದೆ ಇಟ್ಟರು.